ಡಿಸ್ಕ್ ಇರುವ ಪಿಎಸ್5 ತಗೊಳ್ಳೋದಾ, ಇಲ್ಲದ್ದಾ?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ಗೇಮ್‌ಗಳನ್ನು ಡೌನ್‌ಲೋಡ್ ಮಾಡಿಕೊಳ್ಳುವುದು ವಾಸಿಯೋ, ಅಂಗಡಿಯಿಂದ ಡಿಸ್ಕ್ ಇರುವ ಡಬ್ಬಿ ತರುವುದು ವಾಸಿಯೋ ಅಂತ. (ಪಿಎಸ್5 ಅಂದರೆ ಸೋನಿಯ ಪ್ಲೇಸ್ಟೇಷನ್ 5, ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ. ಇಂಥದ್ದಕ್ಕೆ ಕನ್ಸೋಲ್ ಅಂತಾರೆ.) ಹಾಗಾಗಿ ಮಿಕ್ಕ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದರೆ ಪಿಎಸ್5 ಕೊಡಿಸ್ತೀನಿ ಅಂತ ಮಗನಿಗೆ ಮಾತು ಕೊಟ್ಟಿದ್ದೆ. ತೆಗೆದುಬಿಟ್ಟಿದ್ದಾನೆ! ಅಂಗಡಿಗೆ ಹೋದರೆ ಎರಡು ಥರ ಇದೆ. ಡಿಸ್ಕ್ ಹಾಕುವಂಥದ್ದಕ್ಕೆ ಜಾಸ್ತಿ ದುಡ್ಡು. "ಈಗ ಯಾರೂ ಡಿಸ್ಕ್ ತಗೊಳಲ್ಲ ಅಂಕಲ್, ಎಲ್ಲಾ ಡಿಜಿಟಲ್" ಅಂತಾನೆ ಅಂಗಡಿ ಹುಡುಗ. ಡಿಸ್ಕ್ ಇಲ್ಲದ್ದೇ ತಗೊಂಡ್ರೆ ದುಡ್ಡು ಉಳಿಯುತ್ತಲ್ವಾ?
(ವಿಜಯನಗರದ ಓದುಗರೊಬ್ಬರು)

ಉಳಿಯುವುದಿಲ್ಲ ಸರ್. ಕೊಳ್ಳುವ ದಿನ ಮಾತ್ರ ಉಳಿದ ಹಾಗೆ ಕಾಣುತ್ತದೆ.

ಪಿಎಸ್5 ಸ್ಲಿಮ್ (ಆಮೇಲೆ ಬಂದ ತೆಳು ಮಾಡೆಲ್) ನಮ್ಮಲ್ಲಿಗೆ 2024ರ ಏಪ್ರಿಲ್‌ನಲ್ಲಿ ಬಂದಾಗ ಡಿಸ್ಕ್ ಇರುವುದಕ್ಕೆ 54,990 ರೂಪಾಯಿ, ಇಲ್ಲದ್ದಕ್ಕೆ 44,990. ಅದಕ್ಕೂ ಮುಂಚೆ, 2021ರ ಫೆಬ್ರುವರಿಯಲ್ಲಿ ಮೊದಲ ಪಿಎಸ್5 ಬಂದಾಗಲೂ ಅಷ್ಟೇ, 49,990 ಮತ್ತು 39,990. ಎರಡು ಸಲವೂ ಸರಿಯಾಗಿ ಹತ್ತು ಸಾವಿರದ ಅಂತರ. ಈಗ ಆ ಹತ್ತು ಸಾವಿರ ಎಲ್ಲಿ ಹೋಗುತ್ತದೆ ನೋಡಿ.

ಸೋನಿಯ ದೊಡ್ಡ ಗೇಮ್ ಒಂದು ಹೊಸದಾಗಿ ಬಂದಾಗ 4,999 ರೂಪಾಯಿ. ಡಬ್ಬಿಯ ಮೇಲೂ ಅದೇ ರೇಟು, ಆನ್‌ಲೈನ್ ಸ್ಟೋರ್‌ನಲ್ಲೂ ಅದೇ ರೇಟು. ಡಬ್ಬಿ ಮಾಡಬೇಕಿಲ್ಲ, ಲಾರಿಗೆ ಹಾಕಬೇಕಿಲ್ಲ, ಅಂಗಡಿಯವನಿಗೆ ಕಮಿಷನ್ ಕೊಡಬೇಕಿಲ್ಲ, ಆದರೂ ಒಂದು ರೂಪಾಯಿ ಕಮ್ಮಿ ಇಲ್ಲ. ಡಿಸ್ಕ್ ಆದರೆ ಗಾಂಧಿನಗರದಲ್ಲೋ ಬ್ರಿಗೇಡ್ ರೋಡಿನಲ್ಲೋ ಕೇಳಿ, ಆನ್‌ಲೈನ್‌ನಲ್ಲೂ ನೋಡಿ, ಇನ್ನೂರು ಮುನ್ನೂರು ಚೌಕಾಸಿ ಮಾಡಬಹುದು. ಡಿಜಿಟಲ್‌ನಲ್ಲಿ ಪಿಎಸ್5ಗೆ ಇರುವುದು ಒಂದೇ ಅಂಗಡಿ, ಸೋನಿಯದ್ದು. ಪಕ್ಕದ ಅಂಗಡಿಗೆ ಹೋಗ್ತೀನಿ ಅಂತ ಹೆದರಿಸೋಕೆ ಪಕ್ಕದ ಅಂಗಡಿಯೇ ಇಲ್ಲ.

ಆದರೆ ನಿಜವಾದ ಲೆಕ್ಕ ಶುರುವಾಗುವುದು ಗೇಮ್ ಮುಗಿದ ಮೇಲೆ. ನಾನು ಹೋದ ವರ್ಷ ಒಂದು ಕಥೆಯ ಗೇಮನ್ನು 4,700ಕ್ಕೆ ತಂದೆ. ಮೂರು ವಾರದಲ್ಲಿ ಮುಗಿಯಿತು. ಮಾರಾಟಕ್ಕಿದೆ ಅಂತ ಗ್ರೂಪಿನಲ್ಲಿ ಹಾಕಿದೆ, ರಾತ್ರಿಯೊಳಗೆ ಮೂರು ಜನ ಕೇಳಿದರು. ಮಾರನೇ ದಿನ ಸಂಜೆ ಯಶವಂತಪುರ ಮೆಟ್ರೋ ಸ್ಟೇಷನ್ ಕೆಳಗೆ ಒಬ್ಬ ಹುಡುಗ ಬಂದ, ಆಫೀಸ್ ಬ್ಯಾಗು, ಕೈಯಲ್ಲಿ ಹೆಲ್ಮೆಟ್ಟು. ಮೊಬೈಲ್ ಟಾರ್ಚ್ ಹಾಕಿ ಡಿಸ್ಕನ್ನು ಅಂಚಿನಲ್ಲಿ ಹಿಡಿದು, ಚಿನ್ನದಂಗಡಿಯವರು ಬಳೆ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. "ಇನ್ನೂರು ಬಿಡಿ ಅಣ್ಣ" ಅಂದ. ನೂರು ಬಿಟ್ಟೆ. 3,200 ಫೋನ್‌ಪೇ ಆಯಿತು. ಅಂದರೆ ಆ ಗೇಮಿಗೆ ನನಗೆ ಬಿದ್ದದ್ದು 1,500. ಅವನೂ ಒಂದು ತಿಂಗಳಲ್ಲಿ ಇನ್ನೊಬ್ಬರಿಗೆ ಮಾರಿರುತ್ತಾನೆ. ಹೀಗೆ ನಾಲ್ಕೈದು ಗೇಮ್ ಆಡುವಷ್ಟರಲ್ಲಿ ನಿಮ್ಮ ಹತ್ತು ಸಾವಿರ ವಾಪಸ್.

ಡೌನ್‌ಲೋಡ್ ಮಾಡಿದ ಗೇಮ್ ಮುಗಿದರೆ? ಸುಮ್ನೆ ಅಕೌಂಟಿನಲ್ಲಿ ಕೂತಿರುತ್ತದೆ. ಮಾರುವ ಹಾಗಿಲ್ಲ, ಚಿಕ್ಕಪ್ಪನ ಮಗನಿಗೆ ಎರಡು ವಾರಕ್ಕೆ ಕೊಡುವ ಹಾಗೂ ಇಲ್ಲ. ಕಾಯುವ ತಾಳ್ಮೆ ಇದ್ದರೆ ವರ್ಷದ ನಂತರ ಸೇಲ್‌ನಲ್ಲಿ ಅರ್ಧ ರೇಟಿಗೆ ಸಿಗುತ್ತದೆ, ಅದು ನಿಜ. ಆದರೆ ಹದಿನೆಂಟರ ಹುಡುಗ ವರ್ಷ ಕಾಯುತ್ತಾನಾ ಅನ್ನೋದು ನಿಮಗೇ ಗೊತ್ತು. ಕಾದರೂ ಅಷ್ಟು ಹೊತ್ತಿಗೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ರೇಟೂ ಇಳಿದಿರುತ್ತದೆ.

ಹಾಗಂತ ಎಲ್ಲವನ್ನೂ ಡಿಸ್ಕ್‌ನಲ್ಲೇ ತಗೊಳ್ಳಿ ಅನ್ನುತ್ತಿಲ್ಲ. ದಿನಾ ಆಡುವ ಗೇಮ್ ಒಂದಿದ್ದರೆ ಅದು ಡಿಜಿಟಲ್ ಆಗಿದ್ದರೇ ಸುಖ. ಡಿಸ್ಕ್ ಗೇಮನ್ನು ಪೂರ್ತಿ ಇನ್‌ಸ್ಟಾಲ್ ಮಾಡಿದ್ದರೂ ಆಡುವಾಗ ಡಿಸ್ಕ್ ಒಳಗೆ ಇರಲೇಬೇಕು, ಪ್ರತಿ ಸಲ ಎದ್ದು ಬದಲಾಯಿಸುವುದು ತಲೆನೋವು. ಫುಟ್‌ಬಾಲ್ ಗೇಮ್ ಡಿಸ್ಕ್‌ನಲ್ಲಿ ತಂದರೆ ಒಂದು ಕಿವಿಮಾತು: ಪ್ರತಿ ಸೆಪ್ಟೆಂಬರ್‌ಗೆ ಹೊಸದು ಬರುತ್ತದೆ, ಅದಕ್ಕೆ ಮುಂಚೆ ಮಾರಿಬಿಡಿ. ಆಮೇಲೆ ಹಳೇ ಪೇಪರ್ ರೇಟು.

ಈಗಾಗಲೇ ಡಿಸ್ಕ್ ಇಲ್ಲದ್ದು ತಂದುಬಿಟ್ಟಿದ್ದರೂ ಚಿಂತೆ ಬೇಡ. ಸ್ಲಿಮ್ ಮಾಡೆಲ್ ಆದರೆ ಡಿಸ್ಕ್ ಹಾಕುವ ಡ್ರೈವ್ ಬೇರೆ ತಂದು ಜೋಡಿಸಬಹುದು, ಮೊದಲ ಸಲ ಜೋಡಿಸುವಾಗ ನೆಟ್ ಇರಬೇಕು ಅಷ್ಟೇ. ಮೊದಲು ಬಂದ ದಪ್ಪ ಡಿಜಿಟಲ್ ಮಾಡೆಲ್ ಆದರೆ ಮಾತ್ರ ದಾರಿ ಇಲ್ಲ.

ಪ್ರಶ್ನೆ: ನಾನು ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡಿದ್ದೇನೆ. ಚಿಕ್ಕವಳಿದ್ದಾಗ ಅಪ್ಪ ಡಬ್ಬಿ ತಂದುಕೊಡ್ತಿದ್ರು, ಆ ಆಸೆ ಇನ್ನೂ ಇದೆ. ಪಿಸಿ ಗೇಮ್‌ಗಳ ಡಬ್ಬಿ ಎಲ್ಲಿ ಸಿಗುತ್ತೆ?
(ವೈಟ್‌ಫೀಲ್ಡ್‌ನಿಂದ ಒಬ್ಬರು)

ಆಸೆ ಬಿಟ್ಟುಬಿಡಿ ಮೇಡಂ. ಪಿಸಿಯಲ್ಲಿ ಆ ಕಾಲ ಮುಗಿಯಿತು. ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಜಾಗವೇ ಇಲ್ಲವಲ್ಲ.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಎಸ್‌ಪಿ ರೋಡಿನಿಂದ ಒಂದು ಡಬ್ಬಿ ತಂದೆ. ಸ್ಕೂಟರ್ ಪಾರ್ಕ್ ಮಾಡೋಕೇ ಅರ್ಧ ಗಂಟೆ. ಮನೆಗೆ ಬಂದು ನೋಡಿದರೆ ಒಳಗೆ ಮ್ಯಾನ್ಯುಯಲ್ ಇಲ್ಲ, ಮ್ಯಾಪ್ ಇಲ್ಲ, ಒಂದು ಕೋಡಿನ ಚೀಟಿ, ಒಂದು ಡಿವಿಡಿ. ಡಿವಿಡಿಯಲ್ಲಿ ಇದ್ದದ್ದು ಸ್ಟೀಮ್ (ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿ) ಇನ್‌ಸ್ಟಾಲ್ ಮಾಡುವ ಪುಟ್ಟ ಫೈಲು ಮತ್ತು ಗೇಮಿನ ಒಂದು ತುಂಡು. ಮಿಕ್ಕದ್ದೆಲ್ಲ ಡೌನ್‌ಲೋಡ್. ಆಗಿನ ನೆಟ್ಟಿಗೆ ಮೂರು ರಾತ್ರಿ ಹಿಡಿಯಿತು. ಸುಮ್ನೆ ಮನೆಯಲ್ಲೇ ಕೂತು ಕೊಂಡಿದ್ದರೆ ಪೆಟ್ರೋಲಾದರೂ ಉಳಿಯುತ್ತಿತ್ತು.

ಪಿಸಿಯಲ್ಲಿ ಡಿಜಿಟಲ್ ನಿಜಕ್ಕೂ ಅಗ್ಗ, ಯಾಕೆಂದರೆ ಅಲ್ಲಿ ಅಂಗಡಿಗಳು ಹಲವು ಇವೆ. ಸ್ಟೀಮ್ 2015ರಿಂದ ರೂಪಾಯಿಯಲ್ಲೇ ರೇಟು ಹಾಕುತ್ತಿದೆ. ಇಷ್ಟವಾಗದಿದ್ದರೆ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್. ಸೀಲ್ ಒಡೆದ ಡಬ್ಬಿಗೆ ಯಾವ ಅಂಗಡಿಯವನೂ ಈ ಮಾತು ಕೊಡುವುದಿಲ್ಲ. "ನನ್ನದು" ಅನ್ನುವ ಭಾವನೆ ಬೇಕೇ ಬೇಕು ಅಂದರೆ ಜಿಒಜಿ ಅನ್ನುವ ಇನ್ನೊಂದು ಆನ್‌ಲೈನ್ ಅಂಗಡಿ ನೋಡಿ. ಅಲ್ಲಿ ಗೇಮಿನ ಇನ್‌ಸ್ಟಾಲರ್ ಫೈಲನ್ನೇ ಇಳಿಸಿಕೊಂಡು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು. ನಾಳೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಪ್ರಶ್ನೆ: ಡಿಜಿಟಲ್ ಗೇಮ್ ಕೊಂಡರೆ ಅದು ನಮ್ಮದಲ್ಲ, ಬರೀ ಲೈಸೆನ್ಸ್ ಅಂತಾರೆ. ಸ್ಟೋರ್ ಮುಚ್ಚಿದರೆ ನನ್ನ ಇಪ್ಪತ್ತು ಗೇಮ್ ಕಥೆ ಏನು?
(ಹೆಸರು ಬೇಡ ಅಂದಿದ್ದಾರೆ, ಬನಶಂಕರಿ)

ಲೈಸೆನ್ಸ್ ಅನ್ನೋದು ನಿಜ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಅದನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ಹೇಳಲೇಬೇಕು ಅಂತ ಕಾನೂನೇ ಬಂದಿದೆ. ನಮ್ಮೂರ ಲೆಕ್ಕದಲ್ಲಿ ಹೇಳುವುದಾದರೆ ಇದು ಬಾಡಿಗೆ ಮನೆ. ಬಾಡಿಗೆಯನ್ನು ಒಟ್ಟಿಗೆ ಕಟ್ಟಿದ್ದೀರಿ, ಓನರ್ ಸಾಮಾನ್ಯವಾಗಿ ಒಳ್ಳೆಯವರು, ಎಷ್ಟೋ ವರ್ಷ ತೊಂದರೆ ಇಲ್ಲದೆ ಇರುತ್ತೀರಿ. ಆದರೆ ಮನೆ ಮಾರುವ ಹಕ್ಕು ನಿಮಗಿಲ್ಲ, ಬಿಡುವಾಗ ಅಡ್ವಾನ್ಸೂ ವಾಪಸ್ ಬರಲ್ಲ.

ಸ್ಟೋರ್ ಮುಚ್ಚಿದರೂ ಸಾಮಾನ್ಯವಾಗಿ ಕೊಂಡ ಗೇಮ್‌ಗಳು ಆ ದಿನವೇ ಹೋಗುವುದಿಲ್ಲ. ನಿಂಟೆಂಡೊ ಕಂಪನಿ ತನ್ನ ಹಳೇ ಕನ್ಸೋಲ್‌ಗಳಾದ 3ಡಿಎಸ್ ಮತ್ತು ವೀ ಯು ಸ್ಟೋರನ್ನು 2023ರ ಮಾರ್ಚ್ 27ಕ್ಕೆ ಮುಚ್ಚಿತು, ಮೈಕ್ರೋಸಾಫ್ಟ್‌ನ ಹಳೇ ಕನ್ಸೋಲ್ ಎಕ್ಸ್‌ಬಾಕ್ಸ್ 360 ಸ್ಟೋರ್ 2024ರ ಜುಲೈನಲ್ಲಿ ಮುಚ್ಚಿತು. ಹೊಸದಾಗಿ ಕೊಳ್ಳುವ ಹಾಗಿಲ್ಲ, ಆದರೆ ಮೊದಲೇ ಕೊಂಡಿದ್ದನ್ನು ಮತ್ತೆ ಇಳಿಸಿಕೊಳ್ಳಲು ಬಿಟ್ಟರು. ಎಷ್ಟು ದಿನ ಬಿಡುತ್ತಾರೆ ಅನ್ನೋದು ಅವರ ಮರ್ಜಿ.

ಆದರೆ ಡಿಸ್ಕ್ ಇದ್ದವರು ಜಾಸ್ತಿ ಬೀಗಬೇಕಾಗಿಲ್ಲ. ಯೂಬಿಸಾಫ್ಟ್ ಕಂಪನಿಯ ದಿ ಕ್ರೂ ಅನ್ನುವ ಕಾರ್ ಗೇಮ್ 2014ರಲ್ಲಿ ಬಂತು. ಒಬ್ಬರೇ ಆಡಿದರೂ ಅದಕ್ಕೆ ಸರ್ವರ್ ಬೇಕು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಡಿಜಿಟಲ್‌ನಲ್ಲಿ ಕೊಂಡವರ ಗೇಮ್ ಹೋಯಿತು, ಡಿಸ್ಕ್ ಕೊಂಡವರ ಗೇಮೂ ಹೋಯಿತು. ಅವರ ಹತ್ತಿರ ಉಳಿದದ್ದು ಟೀ ಲೋಟ ಇಡೋಕೆ ಒಂದು ಹೊಳೆಯುವ ತಟ್ಟೆ. 2022ರ ಕಾಲ್ ಆಫ್ ಡ್ಯೂಟಿ ಅನ್ನುವ ಗೇಮಿನ ಪಿಎಸ್5 ಡಿಸ್ಕ್ ಇನ್ನೂ ಚೆಂದ, ಅದರೊಳಗೆ ಇದ್ದದ್ದೇ ಸುಮಾರು 70 ಎಂಬಿ. ಮಿಕ್ಕ ಗೇಮೆಲ್ಲ ನೆಟ್ಟಿನಿಂದ ಇಳಿಯಬೇಕು.

ಅದಕ್ಕೇ ನಾನು ಡಿಸ್ಕ್ ಪರ ಮಾತಾಡುವಾಗ "ಶಾಶ್ವತವಾಗಿ ನಮ್ಮದು" ಅನ್ನುವ ಮಾತನ್ನೇ ಎತ್ತುವುದಿಲ್ಲ. ಡಿಸ್ಕ್‌ನ ಬೆಲೆ ಇರುವುದು ಅದು ಕೈಯಿಂದ ಕೈಗೆ ಹೋಗುತ್ತದೆ ಅನ್ನುವುದರಲ್ಲಿ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಬರುವ ಮುಂಚೆ ಮೈಕ್ರೋಸಾಫ್ಟ್ ಹಳೇ ಡಿಸ್ಕ್ ಕೊಡು-ಕೊಳ್ಳುವುದಕ್ಕೆ ನಿರ್ಬಂಧ ಹಾಕಲು ಹೊರಟಿತ್ತು. ಆಗ ಸೋನಿಯವರು ಪಿಎಸ್4 ಗೇಮ್ ಹಂಚಿಕೊಳ್ಳುವುದು ಹೇಗೆ ಅಂತ ಅರ್ಧ ನಿಮಿಷಕ್ಕೂ ಚಿಕ್ಕ ವಿಡಿಯೋ ಹಾಕಿದರು. ಅದರಲ್ಲಿ ಒಬ್ಬ ಇನ್ನೊಬ್ಬನ ಕೈಗೆ ಡಬ್ಬಿ ಕೊಡುತ್ತಾನೆ, ಇವನು ಥ್ಯಾಂಕ್ಸ್ ಅನ್ನುತ್ತಾನೆ. ಮುಗೀತು! ಮೈಕ್ರೋಸಾಫ್ಟ್ ಆ ಜೂನ್‌ನಲ್ಲೇ ಹಿಂದೆ ಸರಿಯಿತು. ಅದೇ ಸೋನಿ 2024ರಲ್ಲಿ ತಂದ ಪಿಎಸ್5 ಪ್ರೊದಲ್ಲಿ ಡಿಸ್ಕ್ ಡ್ರೈವೇ ಇಲ್ಲ, ಬೇಕಾದವರು ಬೇರೆ ಕೊಳ್ಳಬೇಕು. ಕಾಲಾಯ ತಸ್ಮೈ ನಮಃ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವಾಗ ಏನು ನೋಡಬೇಕು? ನಮ್ಮ ಮನೆ ನೆಟ್ ಸ್ಪೀಡ್ 50 ಎಂಬಿಪಿಎಸ್, ಡಿಸ್ಕ್ ಆದರೆ ನೆಟ್ಟೇ ಬೇಡ ಅಲ್ವಾ?
(ಕೆಂಗೇರಿ)

ಮೊದಲು ಎರಡನೇದಕ್ಕೆ ಉತ್ತರ. ಬೇಕು, ಆದರೆ ಕಮ್ಮಿ. 150 ಜಿಬಿಯ ಗೇಮ್ ನಿಮ್ಮ ಸ್ಪೀಡಿನಲ್ಲಿ ಪೂರ್ತಿ ಇಳಿಯಲು ಎಲ್ಲ ಸರಿಯಿದ್ದರೂ ಸುಮಾರು ಆರೂಮುಕ್ಕಾಲು ಗಂಟೆ ಬೇಕು. ಮಳೆಗಾಲದ ಸಂಜೆ ಕರೆಂಟ್ ಹೋಗದೆ ಇದ್ದರೆ! ಡಿಸ್ಕ್ ಇದ್ದರೆ ಸಾಮಾನ್ಯವಾಗಿ ಅದರ ಬಹುಪಾಲು ಡಿಸ್ಕ್‌ನಿಂದಲೇ ಇಳಿಯುತ್ತದೆ, ಅಪ್‌ಡೇಟ್‌ಗೆ ಮಾತ್ರ ನೆಟ್ಟು. ಜಾಗ ಎರಡಕ್ಕೂ ಒಂದೇ ಬೇಕು. ಮೊದಲ ಪಿಎಸ್5ನಲ್ಲಿ 825 ಜಿಬಿ ಅಂತ ಬರೆದಿದ್ದರೂ ಗೇಮ್‌ಗೆ ಸಿಗುವುದು ಸುಮಾರು 667 ಜಿಬಿ.

ಡಿಸ್ಕ್ ನೋಡುವಾಗ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸಣ್ಣ ಗೀರು ಪರವಾಗಿಲ್ಲ, ಉಗುರಿಗೆ ಸಿಗುವ ಗೀರು ಬೇಡ. ಪಿಎಸ್4, ಪಿಎಸ್5 ಡಿಸ್ಕ್‌ಗಳು ಯಾವ ದೇಶದ್ದಾದರೂ ಓಡುತ್ತವೆ, ಆದರೆ ಆಮೇಲೆ ಕೊಳ್ಳುವ ಡಿಎಲ್‌ಸಿ (ಗೇಮಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ) ಡಿಸ್ಕ್‌ನ ದೇಶಕ್ಕೆ ಹೊಂದದೇ ಇರಬಹುದು. ಯಾರೋ ದುಬೈಯಿಂದ ತಂದದ್ದು, ಅಮೆರಿಕದಿಂದ ತಂದದ್ದು ಇಲ್ಲಿ ಬೇಕಾದಷ್ಟು ಓಡಾಡುತ್ತವೆ, ಕೇಳಿ ತಗೊಳ್ಳಿ. ಡಬ್ಬಿಯೊಳಗಿನ ಕೋಡ್ ಚೀಟಿ ಮೊದಲನೆಯವರೇ ಬಳಸಿರುತ್ತಾರೆ, ಅದಕ್ಕೆ ದುಡ್ಡು ಕೊಡಬೇಡಿ. ಡಬ್ಬಿಯ ಹಿಂಭಾಗದಲ್ಲಿ ಡೌನ್‌ಲೋಡ್ ಕಡ್ಡಾಯ ಅಂತ ಸಣ್ಣ ಅಕ್ಷರದಲ್ಲಿ ಇದೆಯಾ ಅಂತಲೂ ಓದಿ.

ಪ್ರಶ್ನೆ: ಇಷ್ಟೆಲ್ಲ ಹೇಳ್ತೀರಲ್ಲ, ನಿಮ್ಮ ಹತ್ತಿರ ಎಷ್ಟು ಡಿಸ್ಕ್ ಇದೆ?
(ಮಲ್ಲೇಶ್ವರ)

ಕಪಾಟಿನಲ್ಲಿ ಹದಿನಾಲ್ಕು ಡಬ್ಬಿ ಇವೆ. ಅದರಲ್ಲಿ ಎರಡು ಖಾಲಿ. ಒಂದರ ಡಿಸ್ಕ್ ಕನ್ಸೋಲ್ ಒಳಗಿದೆ. ಇನ್ನೊಂದು ಮೈಸೂರಿನಲ್ಲಿ, ನಮ್ಮ ಭಾವಮೈದುನನ ಮನೆಯಲ್ಲಿ, ಹೋದ ದಸರಾದಿಂದ.