25 ಡಾಲರಿಗೆ ಜಾತಕ, 25 ಕೋಟಿಗೆ ನಮಸ್ಕಾರ?

ಓದುಗರ ಪತ್ರ: ನಾನು ಶಿವಮೊಗ್ಗದ ನಿವೃತ್ತ ಮೇಷ್ಟ್ರು. ಆರು ತಿಂಗಳಿಗೆ ಅಂತ ನ್ಯೂಜೆರ್ಸಿಯ ಮಗಳ ಮನೆಗೆ ಬಂದಿದ್ದೇನೆ. ಅಳಿಯ ಕೊಡಿಸಿದ ಸಿಮ್ಮಿಗೆ ಚುನಾವಣೆಯ ಚಂದಾ ಕೇಳಿ ದಿನಕ್ಕೆ ಐದಾರು ಮೆಸೇಜು ಬರುತ್ತೆ. ‘ಹಾಯ್ ಬ್ರಯಾನ್, ಇವತ್ತು ರಾತ್ರಿ 12ರೊಳಗೆ 25 ಡಾಲರ್ ಕೊಡಿ’ ಅಂತ. ಒಂದು ದಿನ ಕುತೂಹಲಕ್ಕೆ ಒತ್ತಿದೆ. ವಿಳಾಸ ಕೇಳಿತು, ಏನು ಕೆಲಸ ಅಂತ ಕೇಳಿತು, ಯಾರ ಹತ್ತಿರ ಕೆಲಸ ಅಂತಲೂ ಕೇಳಿತು. ಕೊನೆಗೆ ನೀವು ಅಮೆರಿಕದ ಪ್ರಜೆಯೋ ಅಂದಾಗ ಫೋನ್ ಮುಚ್ಚಿಟ್ಟೆ. 25 ಡಾಲರಿಗೆ ಜಾತಕ ಕೇಳುವ ದೇಶದಲ್ಲಿ ಎಲಾನ್ ಮಸ್ಕ್ 2024ರ ಚುನಾವಣೆಗೆ 25 ಕೋಟಿ ಡಾಲರ್ ಸುರಿದದ್ದು ಹೇಗೆ? ಈ ಪ್ಯಾಕು, ಸೂಪರ್ ಪ್ಯಾಕು ಅಂದ್ರೆ ಏನು? ಇವನ್ನು ಕೇಳೋರು ಯಾರಾದರೂ ಇದ್ದಾರಾ? ಅಳಿಯನದು ಇನ್ನೂ ಎಚ್-1ಬಿ ವೀಸಾ. ಮೊಮ್ಮಗ ಮಾತ್ರ ಇಲ್ಲೇ ಹುಟ್ಟಿದವನು. ಅವನ ಹೆಸರಲ್ಲಿ ಕೊಟ್ಟರೆ ನಡೆಯುತ್ತಾ?

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ, ಅದೊಂದು ಅರ್ಜೆಂಟು. ಮೊಮ್ಮಗನ ಹೆಸರಲ್ಲಿ ಕೊಡಬೇಡಿ. ತಮಾಷೆಗೆ ಕೇಳಿದ್ದೀರಿ ಅಂತ ಗೊತ್ತು, ಆದರೂ ಬೇಡ. ಅಲ್ಲಿ ಮಕ್ಕಳೂ ಚುನಾವಣೆಗೆ ದೇಣಿಗೆ ಕೊಡಬಹುದು. ಅದನ್ನು ತಡೆಯಲು 2002ರಲ್ಲಿ ತಂದಿದ್ದ ನಿಯಮವನ್ನು ಸುಪ್ರೀಂ ಕೋರ್ಟು ಮರುವರ್ಷವೇ ತೆಗೆದುಹಾಕಿತು. ಆದರೆ ದುಡ್ಡು ಮಗುವಿನದೇ ಆಗಿರಬೇಕು, ಕೊಡುವ ಮನಸ್ಸೂ ಮಗುವಿನದೇ ಆಗಿರಬೇಕು. ತಾತ ನೋಟು ಕೈಗಿಟ್ಟು ‘ಇವರಿಗೆ ಹಾಕು ಪುಟ್ಟ’ ಅಂದರೆ ಅದು ತಾತನ ದುಡ್ಡೇ.

ಒಬ್ಬರ ದುಡ್ಡು ಇನ್ನೊಬ್ಬರ ಹೆಸರಲ್ಲಿ ಹೋದರೆ ಅಲ್ಲಿ ಅದು ಕ್ರಿಮಿನಲ್ ಕೇಸೇ ಆಗಬಹುದು. ಮುಂಬಯಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬಲಪಂಥದ ವಾಗ್ಮಿಯಾಗಿ ಹೆಸರು ಮಾಡಿದ ದಿನೇಶ್ ಡಿಸೋಜಾ 2014ರಲ್ಲಿ ತಪ್ಪೊಪ್ಪಿಕೊಂಡದ್ದು ಇದಕ್ಕೇ. ನ್ಯೂಯಾರ್ಕಿನ ಸೆನೆಟ್ ಅಭ್ಯರ್ಥಿಯೊಬ್ಬರಿಗೆ ಬೇರೆಯವರ ಕೈಯಿಂದ 20,000 ಡಾಲರ್ ಕೊಡಿಸಿ, ಆಮೇಲೆ ಆ ದುಡ್ಡನ್ನು ಅವರಿಗೆ ತುಂಬಿಕೊಟ್ಟಿದ್ದರು. ಐದು ವರ್ಷದ ಪ್ರೊಬೇಷನ್ (ಜೈಲಿನ ಬದಲು ಕೋರ್ಟಿನ ನಿಗಾ), ಅದರಲ್ಲಿ ಎಂಟು ತಿಂಗಳು ಸರ್ಕಾರ ಹೇಳಿದ ಕಡೆ ವಾಸ, ಮೇಲೆ 30,000 ಡಾಲರ್ ದಂಡ. (2018ರಲ್ಲಿ ಟ್ರಂಪ್ ಕ್ಷಮಾದಾನ ಕೊಟ್ಟರು, ಅದು ಬೇರೆ ಮಾತು.) ಅದೇ ವರ್ಷ ಹೋಟೆಲ್ ಉದ್ಯಮಿ ಸಂತ್ ಸಿಂಗ್ ಚಟ್ವಾಲ್ ಕೂಡ ಇಂಥದ್ದೇ ಕೇಸಿನಲ್ಲಿ ತಪ್ಪೊಪ್ಪಿಕೊಂಡರು. ಅವರು ನಮ್ಮ ಸರ್ಕಾರದ ಪದ್ಮಭೂಷಣ ಪಡೆದವರು.

ಇನ್ನು ನೀವು. ಪ್ರವಾಸಕ್ಕೆ ಬಂದವರು, ಹೊರದೇಶದವರು. ಒಂದು ಡಾಲರೂ ಕೊಡುವ ಹಾಗಿಲ್ಲ. ಅಳಿಯಂದಿರೂ ಕೊಡುವ ಹಾಗಿಲ್ಲ, ಎಷ್ಟು ವರ್ಷದಿಂದ ಅಲ್ಲಿ ತೆರಿಗೆ ಕಟ್ಟುತ್ತಿದ್ದರೂ ಸರಿ. ಗ್ರೀನ್ ಕಾರ್ಡ್ ಬಂದ ದಿನದಿಂದ ಕೊಡಬಹುದು. ನಮ್ಮ ಹುಡುಗರಿಗೆ ಇದು ಅನ್ಯಾಯ ಅನ್ನಿಸುತ್ತೆ, ನನಗೂ ಒಮ್ಮೊಮ್ಮೆ ಅನ್ನಿಸಿದ್ದುಂಟು. ಇದನ್ನು ಕೋರ್ಟಿನಲ್ಲಿ ಕೇಳಿದವರೂ ಇದ್ದಾರೆ. ತಾತ್ಕಾಲಿಕ ವೀಸಾದ ಮೇಲೆ ನ್ಯೂಯಾರ್ಕಿನಲ್ಲಿದ್ದ ಕೆನಡಾದ ಒಬ್ಬ ವಕೀಲರಿಗೆ ಒಬಾಮಾ ಪರವಾಗಿ ಕರಪತ್ರ ಅಚ್ಚು ಹಾಕಿಸಿ ಸೆಂಟ್ರಲ್ ಪಾರ್ಕಿನಲ್ಲಿ ಹಂಚುವ ಆಸೆ ಇತ್ತು. ಅಷ್ಟೇ. 2011ರಲ್ಲಿ ಕೋರ್ಟು ಆಗಲ್ಲ ಅಂತು. ನಮ್ಮನ್ನು ಆಳುವವರನ್ನು ಆರಿಸುವ ಕೆಲಸ ನಮ್ಮದು, ಅದರಲ್ಲಿ ಹೊರಗಿನವರ ದುಡ್ಡು ಬೇಡ ಅನ್ನುವುದು ತೀರ್ಪಿನ ಒಟ್ಟು ಅರ್ಥ. ಮರುವರ್ಷ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಆದರೆ ಸಂಬಳವಿಲ್ಲದ ಸ್ವಯಂಸೇವೆಗೆ ಈ ಕಾನೂನಿನ ಅಡ್ಡಿ ಇಲ್ಲ. ಅಳಿಯಂದಿರು ಅಭ್ಯರ್ಥಿಯ ಪರವಾಗಿ ಫೋನ್ ಮಾಡಬಹುದು, ಬಾಗಿಲು ತಟ್ಟಬಹುದು. ದುಡ್ಡು ಹೇಗೆ ಖರ್ಚಾಗಬೇಕು ಅಂತ ತೀರ್ಮಾನ ಮಾಡುವ ಕಡೆ ಕೂರುವ ಹಾಗಿಲ್ಲ.

ಈಗ ಪ್ಯಾಕ್ ವಿಷಯ. ನಮ್ಮ ಬೀದಿಯ ಗಣೇಶನ ಸಮಿತಿ ನೆನಪು ಮಾಡಿಕೊಳ್ಳಿ. ನಾಲ್ಕು ಜನ ಸೇರ್ತಾರೆ, ಒಬ್ಬ ಖಜಾಂಚಿ, ಒಂದು ರಸೀದಿ ಪುಸ್ತಕ, ಮನೆ ಮನೆಗೆ ಚಂದಾ. ಪ್ಯಾಕ್ ಅಂದರೆ ಚುನಾವಣೆಗಾಗಿ ಹೀಗೇ ಚಂದಾ ಎತ್ತುವ ಸಮಿತಿ. ವ್ಯತ್ಯಾಸ ಇರುವುದು ಲೆಕ್ಕದಲ್ಲಿ. ನಮ್ಮ ಬೀದಿಯಲ್ಲಿ ಹೋದ ವರ್ಷದ ಲೆಕ್ಕ ಕೇಳಿದವನನ್ನು ಈ ವರ್ಷ ಸಮಿತಿಗೇ ಸೇರಿಸಿಕೊಳ್ಳಲಿಲ್ಲ! ಅಲ್ಲಿ ಹಾಗಲ್ಲ. ದೇಶಮಟ್ಟದ ಚುನಾವಣೆಗೆ ಅಂತ ವರ್ಷದಲ್ಲಿ 1,000 ಡಾಲರಿಗಿಂತ ಜಾಸ್ತಿ ಎತ್ತಿದರೆ ಅಥವಾ ಖರ್ಚು ಮಾಡಿದರೆ 10 ದಿನದೊಳಗೆ ಫೆಡರಲ್ ಎಲೆಕ್ಷನ್ ಕಮಿಷನ್‌ನಲ್ಲಿ, ಅಂದರೆ ಎಫ್‌ಇಸಿಯಲ್ಲಿ, ಹೆಸರು ಬರೆಸಬೇಕು. ಖಜಾಂಚಿ ಇಲ್ಲದ ಸಮಿತಿ ದುಡ್ಡು ಮುಟ್ಟುವ ಹಾಗೇ ಇಲ್ಲ. ಖಜಾಂಚಿ ರಾಜೀನಾಮೆ ಕೊಟ್ಟರೆ ಹೊಸಬರು ಬರುವ ತನಕ ಡಬ್ಬಿ ಬಂದ್. ನಗದು ಒಬ್ಬರಿಂದ 100 ಡಾಲರಿಗಿಂತ ಹೆಚ್ಚು ತಗೊಳ್ಳುವ ಹಾಗಿಲ್ಲ. ಬಂದ ದುಡ್ಡು 10 ದಿನದೊಳಗೆ ಬ್ಯಾಂಕಿಗೆ ಹೋಗಬೇಕು. ಒಬ್ಬರು ಕೊಟ್ಟದ್ದು ಒಟ್ಟು 200 ಡಾಲರ್ ದಾಟಿದರೆ ಅವರ ಹೆಸರು, ವಿಳಾಸ, ಕೆಲಸ, ಕೆಲಸ ಕೊಟ್ಟವರ ಹೆಸರು ಎಲ್ಲವೂ ವರದಿಗೆ ಹೋಗುತ್ತೆ, ಆ ವರದಿ ಯಾರು ಬೇಕಾದರೂ ನೋಡಬಹುದು. ನಿಮ್ಮನ್ನು ಕೆಲಸ ಕೇಳಿದ್ದು ಇದಕ್ಕೇ. 25 ಡಾಲರಿಗೆ ಬೇಕಾಗಿರಲಿಲ್ಲ, ಆದರೆ 25, 25 ಸೇರಿ ಯಾವಾಗ 200 ದಾಟುತ್ತೋ ಅಂತ ಮೊದಲೇ ಕೇಳಿಟ್ಟುಕೊಳ್ತಾರೆ. ಒಂದೇ ಕಂಪನಿಯ ಮೂವತ್ತು ಜನ ಒಂದೇ ವಾರದಲ್ಲಿ ಒಬ್ಬನೇ ಅಭ್ಯರ್ಥಿಗೆ ಕೊಟ್ಟಿದ್ದರೆ ‘ಕೆಲಸ ಕೊಟ್ಟವರು’ ಅನ್ನುವ ಕಾಲಮ್ಮು ಅದನ್ನು ಹೇಳಿಬಿಡುತ್ತೆ.

ಆ ‘ರಾತ್ರಿ 12ರೊಳಗೆ’ ಅನ್ನುವುದಕ್ಕೂ ಅರ್ಧ ಕಾರಣ ಇದೇ. ಮೂರು ತಿಂಗಳಿಗೊಮ್ಮೆ ಲೆಕ್ಕ ಮುಗಿಸಿ ವರದಿ ಕೊಡಬೇಕು. ಅದರಲ್ಲಿ ಮೊತ್ತ ದೊಡ್ಡದಾಗಿ ಕಂಡರೆ ಅಭ್ಯರ್ಥಿಗೆ ಗತ್ತು. ಉಳಿದರ್ಧ ಕಾರಣ ಸುಮ್ನೆ ಗಾಬರಿ ಹುಟ್ಟಿಸೋದು.

ಈ ಪ್ಯಾಕ್‌ಗಳ ಹುಟ್ಟು ಒಂದು ಅಡ್ಡದಾರಿಯಿಂದ ಆದದ್ದು. ಕಂಪನಿಗಳು ಚುನಾವಣೆಗೆ ನೇರವಾಗಿ ದುಡ್ಡು ಕೊಡಬಾರದು ಅಂತ 1907ರಲ್ಲೇ ಕಾನೂನು ಬಂತು. ಯುದ್ಧದ ಕಾಲದಲ್ಲಿ, 1943ರಲ್ಲಿ, ಕಾರ್ಮಿಕ ಸಂಘಗಳಿಗೂ ಅದೇ ಕಟ್ಟು ಹಾಕಿದರು. ಆಗ ಸಿಐಒ ಅನ್ನುವ ಕಾರ್ಮಿಕ ಒಕ್ಕೂಟ ಒಂದು ಉಪಾಯ ಮಾಡಿತು. ಸಂಘದ ಹುಂಡಿ ಮುಟ್ಟುವುದು ಬೇಡ, ಸದಸ್ಯರಿಂದಲೇ ಪ್ರತ್ಯೇಕ ಚಂದಾ ಎತ್ತಿ ಬೇರೆ ಡಬ್ಬಿ ಮಾಡೋಣ ಅಂತ. ಮೊದಲ ಪ್ಯಾಕ್ ಅದು. 1944ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಪರವಾಗಿ ಕೆಲಸ ಮಾಡಿತು. ಆಮೇಲೆ ಕಂಪನಿಗಳೂ ಅದನ್ನೇ ಕಲಿತವು. ಇವತ್ತಿಗೂ ಕಂಪನಿಯ ಪ್ಯಾಕಿಗೆ ಕಂಪನಿಯ ದುಡ್ಡು ಹೋಗುವುದಿಲ್ಲ, ಆದರೆ ಆ ಪ್ಯಾಕಿನ ಆಫೀಸು ಬಾಡಿಗೆ, ಗುಮಾಸ್ತರ ಸಂಬಳ ಕಂಪನಿಯೇ ಕೊಡಬಹುದು. ಚಂದಾ ಕೇಳುವುದು ಮಾತ್ರ ಷೇರುದಾರರನ್ನು, ಮೇಲಿನ ಹುದ್ದೆಯವರನ್ನು ಮತ್ತು ಅವರ ಮನೆಯವರನ್ನು. ಹಾಗಂತ ಕಾನೂನೇ ಹೇಳುತ್ತೆ.

ಅಧ್ಯಕ್ಷ ನಿಕ್ಸನ್ ಕುರ್ಚಿ ಕಳೆದ ವಾಟರ್‌ಗೇಟ್ ಹಗರಣದ ನಂತರ 1974ರಲ್ಲಿ ದೇಣಿಗೆಗೆ ಮಿತಿಗಳು ಬಂದವು, ಎಫ್‌ಇಸಿಯೂ ಆಗಲೇ ಹುಟ್ಟಿತು. ಬಹುತೇಕ ಪ್ಯಾಕ್‌ಗಳು ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 5,000 ಡಾಲರ್ ಕೊಡಬಹುದು. ಅವತ್ತಿನ 5,000 ಇವತ್ತಿಗೂ 5,000 ಆಗಿಯೇ ಉಳಿದಿದೆ. ವ್ಯಕ್ತಿಗಳ ಮಿತಿ ಮಾತ್ರ ಬೆಲೆಯೇರಿಕೆ ನೋಡಿ ಏರುತ್ತೆ, 2025-26ಕ್ಕೆ ಅದು 3,500. ಪಕ್ಷದೊಳಗಿನ ಚುನಾವಣೆಗೆ ಒಮ್ಮೆ, ಕೊನೆಯ ಚುನಾವಣೆಗೆ ಇನ್ನೊಮ್ಮೆ, ಹಾಗೆ 7,000. ಅಭ್ಯರ್ಥಿ ಸ್ವಂತ ದುಡ್ಡು ಹಾಕಿಕೊಂಡರೆ ಮಿತಿಯೇ ಇಲ್ಲ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಅಮೆರಿಕದ ಸಂಸತ್ತಿಗೆ ಗೆದ್ದದ್ದು ಹೀಗೇ, ತನ್ನದೇ ಜೇಬಿನಿಂದ ಲಕ್ಷಗಟ್ಟಲೆ ಡಾಲರ್ ಸುರಿದು. ಒಟ್ಟು ಖರ್ಚಿಗೂ ಮಿತಿ ಇಲ್ಲ. ನಮ್ಮಲ್ಲಿ ಲೋಕಸಭೆ ಅಭ್ಯರ್ಥಿ ದೊಡ್ಡ ರಾಜ್ಯಗಳಲ್ಲಿ 95 ಲಕ್ಷ ರೂಪಾಯಿ ದಾಟಬಾರದು ಅಂತ ಇದೆ. ಯಾರು ದಾಟಲ್ಲ ಅಂತ ಮಾತ್ರ ಕೇಳಬೇಡಿ.

ಹಾಗಾದರೆ ಮಸ್ಕ್? ಅಲ್ಲಿಗೇ ಬಂದೆ. 2010ರಲ್ಲಿ ಎರಡು ತೀರ್ಪು ಬಂದವು. ಜನವರಿಯಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಹೇಳಿತು: ಅಭ್ಯರ್ಥಿಯ ಜೊತೆ ಸೇರದೆ ಕಂಪನಿ ಅಥವಾ ಸಂಘ ತಾನಾಗಿ ಪ್ರಚಾರಕ್ಕೆ ಖರ್ಚು ಮಾಡಿದರೆ ಅದು ವಾಕ್ ಸ್ವಾತಂತ್ರ್ಯ, ತಡೆಯುವ ಹಾಗಿಲ್ಲ. ಮಾರ್ಚಿನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟು ಅದರ ಬಾಲ ಹಿಡಿದು, ಹಾಗೆ ಖರ್ಚು ಮಾಡುವ ಸಮಿತಿಗೆ ಯಾರು ಎಷ್ಟು ಬೇಕಾದರೂ ಕೊಡಬಹುದು ಅಂತು. ಅಲ್ಲಿಂದ ಸೂಪರ್ ಪ್ಯಾಕ್. ಅಭ್ಯರ್ಥಿಗೆ ಒಂದು ಡಾಲರೂ ಕೊಡುವ ಹಾಗಿಲ್ಲ, ಅವನ ಪರವಾಗಿ 25 ಕೋಟಿ ಖರ್ಚು ಮಾಡಬಹುದು. ಇರುವ ಷರತ್ತು ಒಂದೇ, ಅಭ್ಯರ್ಥಿಯ ಜೊತೆ ಮಾತಾಡಿಕೊಂಡು ಮಾಡಬಾರದು.

ಮದುವೆ ಮನೆಯಲ್ಲಿ ಮಾತು ಬಿಟ್ಟ ಅಣ್ಣ-ತಮ್ಮ ಇರ್ತಾರಲ್ಲ, ಎದುರುಬದುರು ಕೂತು ‘ಸಾರಿಗೆ ಉಪ್ಪು ಸಾಲದು ಅಂತ ಯಾರಾದರೂ ಹೇಳಿ’ ಅಂತ ಗೋಡೆಗೆ ಹೇಳ್ತಾರಲ್ಲ, ಥೇಟ್ ಹಾಗೆ ನಡೆಯುತ್ತೆ ಇದು. 2014ರಲ್ಲಿ ಸೆನೆಟರ್ ಮಿಚ್ ಮೆಕಾನಲ್ ಅವರ ಪ್ರಚಾರ ತಂಡ ಸುಮಾರು ಎರಡೂವರೆ ನಿಮಿಷದ ವಿಡಿಯೊ ಹಾಕಿತು. ಒಂದು ಮಾತಿಲ್ಲ. ಅವರು ನಗ್ತಾರೆ, ಕೈ ಕುಲುಕ್ತಾರೆ, ಕಾಗದಕ್ಕೆ ಸಹಿ ಹಾಕ್ತಾರೆ, ಮತ್ತೆ ನಗ್ತಾರೆ. ಯಾರಿಗೆ ಅಂತ ಬೇರೆ ಹೇಳಬೇಕಾ? ಜಾಹೀರಾತಿಗೆ ಚಿತ್ರ ಬೇಕಾದವರು ಅಲ್ಲಿಂದ ಎತ್ತಿಕೊಳ್ಳಲಿ ಅಂತ. ಇನ್ನು ಕೆಲವು ಅಭ್ಯರ್ಥಿಗಳ ವೆಬ್‌ಸೈಟಿನಲ್ಲಿ ಒಂದು ಮೂಲೆಯಲ್ಲಿ ಕೆಂಪು ಚೌಕಟ್ಟಿನ ಪೆಟ್ಟಿಗೆ ಇರುತ್ತೆ. ‘ಮತದಾರರು ಇದನ್ನು ನೋಡಬೇಕು’ ಅಂತ ಬರೆದಿದ್ದರೆ ಟಿವಿ ಜಾಹೀರಾತು ಮಾಡಿ ಅಂತ, ‘ಓದಬೇಕು’ ಅಂತಿದ್ದರೆ ಅಂಚೆಯಲ್ಲಿ ಕರಪತ್ರ ಕಳಿಸಿ ಅಂತ. ಎಲ್ಲರೂ ನೋಡುವ ಜಾಗದಲ್ಲೇ ಹಾಕಿದ್ದಾರಲ್ಲ, ಗುಟ್ಟಾಗಿ ಮಾತಾಡಿಲ್ಲವಲ್ಲ ಅನ್ನೋದು ವಾದ.

ಇದನ್ನೆಲ್ಲ ಬಯಲಿಗೆಳೆದದ್ದು ಒಬ್ಬ ಹಾಸ್ಯಗಾರ. ಸ್ಟೀಫನ್ ಕೋಲ್ಬೇರ್ 2011ರಲ್ಲಿ ನಿಜವಾಗಲೂ ಎಫ್‌ಇಸಿಗೆ ಹೋಗಿ ಅನುಮತಿ ಪಡೆದು ಸ್ವಂತ ಸೂಪರ್ ಪ್ಯಾಕ್ ಮಾಡಿದರು. ಹತ್ತು ಲಕ್ಷ ಡಾಲರಿಗೂ ಹೆಚ್ಚು ಚಂದಾ ಬಂತು. ಆಮೇಲೆ ತಾನೇ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವ ಯೋಚನೆ ಇದೆ, ಹಾಗಾಗಿ ಇದನ್ನು ನಡೆಸುವ ಹಾಗಿಲ್ಲ ಅಂತ ಟಿವಿಯಲ್ಲೇ ಅದನ್ನು ಗೆಳೆಯ ಜಾನ್ ಸ್ಟೀವರ್ಟ್ ಕೈಗೆ ಕೊಟ್ಟರು. ಪಕ್ಕದಲ್ಲಿ ವಕೀಲರು. ಆ ವಕೀಲರು ಹಿಂದೆ ಎಫ್‌ಇಸಿಯ ಅಧ್ಯಕ್ಷರಾಗಿದ್ದವರೇ! ಎಲ್ಲ ಕಾನೂನುಬದ್ಧ. ಜನ ಬಿದ್ದು ಬಿದ್ದು ನಕ್ಕರು, ಕಾನೂನು ಮಾತ್ರ ಇದ್ದಲ್ಲೇ ಇತ್ತು.

2024ರ ಮಾರ್ಚಿನಲ್ಲಿ ಎಫ್‌ಇಸಿ ಇನ್ನೊಂದು ಬಾಗಿಲು ತೆಗೆಯಿತು. ಮನೆ ಬಾಗಿಲು ತಟ್ಟಿ ಮಾಡುವ ಪ್ರಚಾರವನ್ನು ಅಭ್ಯರ್ಥಿಯ ಜೊತೆ ಮಾತಾಡಿಕೊಂಡೇ ಮಾಡಬಹುದು ಅಂತು. ಮಸ್ಕ್ ಅವರ ಅಮೆರಿಕ ಪ್ಯಾಕ್ ಆ ವರ್ಷ ಟ್ರಂಪ್ ಪರವಾಗಿ ಊರೂರಲ್ಲಿ ಬಾಗಿಲು ತಟ್ಟಿಸಿದ್ದು ಈ ದಾರಿಯಲ್ಲೇ. ಮಸ್ಕ್ ಹೆಸರು, ಕೊಟ್ಟ ತಾರೀಕು, ಮೊತ್ತ ಎಲ್ಲವೂ ಎಫ್‌ಇಸಿ ಪಟ್ಟಿಯಲ್ಲಿದೆ. ಅವರಿಗೂ ಜಾತಕ ಕೇಳಿದ್ದಾರೆ ಮೇಷ್ಟ್ರೇ, ಮಿತಿ ಮಾತ್ರ ಹಾಕಿಲ್ಲ. ನನ್ನ ಕೇಳಿದರೆ ಈ ವ್ಯವಸ್ಥೆಯ ಗುಟ್ಟೆಲ್ಲ ಇಷ್ಟೇ. ಬರೆದಿಡೋದರಲ್ಲಿ ಗಟ್ಟಿ, ತಡೆಯೋದರಲ್ಲಿ ಮೆತ್ತಗೆ. ಬರೆದಿಡೋದಕ್ಕೂ ಒಂದು ಓಟೆ ಇದೆ. ‘ಸಮಾಜ ಕಲ್ಯಾಣ’ದ ಹೆಸರಿನ ಕೆಲವು ಸಂಸ್ಥೆಗಳು ತಮಗೆ ಕೊಟ್ಟವರ ಹೆಸರು ಹೇಳಬೇಕಾಗಿಲ್ಲ, ಅವು ಸೂಪರ್ ಪ್ಯಾಕಿಗೆ ಕೊಟ್ಟರೆ ಪಟ್ಟಿಯಲ್ಲಿ ಸಂಸ್ಥೆಯ ಹೆಸರಷ್ಟೇ ಬರುತ್ತೆ. ನಮ್ಮ ಚುನಾವಣಾ ಬಾಂಡು ಇತ್ತಲ್ಲ, ನಮ್ಮ ಸುಪ್ರೀಂ ಕೋರ್ಟು 2024ರ ಫೆಬ್ರುವರಿಯಲ್ಲಿ ರದ್ದು ಮಾಡಿದ್ದು, ಅದರ ದೂರದ ನೆಂಟ.

ಕೇಳೋರು ಇದ್ದಾರಾ ಅಂದಿರಿ. ಎಫ್‌ಇಸಿಯಲ್ಲಿ ಆರು ಕುರ್ಚಿ, ಒಂದು ಪಕ್ಷದವರು ಮೂರಕ್ಕಿಂತ ಹೆಚ್ಚಿರಬಾರದು. ಏನೇ ತೀರ್ಮಾನಕ್ಕೂ ನಾಲ್ಕು ಓಟು ಬೇಕು. ಅಲ್ಲಿಗೆ ಲೆಕ್ಕ ಹಾಕಿ, ಮೂರು-ಮೂರು ಆದರೆ ಫೈಲು ಮುಚ್ಚಿದ ಹಾಗೇ. ಕುರ್ಚಿಗಳು ಖಾಲಿಯಾಗಿ 2025ರ ಮೇ ತಿಂಗಳಲ್ಲಿ ಕೋರಂ ಕೂಡ ತಪ್ಪಿತು. ಅಂಥ ಹೊತ್ತಲ್ಲಿ ವರದಿಗಳು ಬರುತ್ತಲೇ ಇರುತ್ತವೆ, ದಂಡ ಹಾಕೋಕೆ ಓಟು ಇರುವುದಿಲ್ಲ. ಹಾಗಂತ ಯಾವತ್ತೂ ಹಲ್ಲಿಲ್ಲದ್ದು ಅನ್ನುವ ಹಾಗೂ ಇಲ್ಲ. ಅಧ್ಯಕ್ಷ ಸ್ಥಾನಕ್ಕೆ ಹೊರಟಿದ್ದ ಜೆಬ್ ಬುಷ್ ಪರ ಇದ್ದ ಸೂಪರ್ ಪ್ಯಾಕ್ ಒಂದು ಚೀನೀ ಮಾಲೀಕರ ಕಂಪನಿಯಿಂದ 13 ಲಕ್ಷ ಡಾಲರ್ ತಗೊಂಡಿತ್ತು. 2019ರಲ್ಲಿ ಇಬ್ಬರಿಗೂ ಸೇರಿ 9,40,000 ಡಾಲರ್ ದಂಡ ಬಿತ್ತು. ಹೊರದೇಶದ ದುಡ್ಡಿನ ವಿಷಯದಲ್ಲಿ ಕಣ್ಣು ಸ್ವಲ್ಪ ಚುರುಕು. ನಿಮ್ಮ ಫೋನಿನಲ್ಲಿ ಆ ಕೊನೆಯ ಪ್ರಶ್ನೆ ಬಂದದ್ದು ಸುಮ್ನೆ ಅಲ್ಲ.

ಒಂದು ಚಿಕ್ಕ ವಿಷಯ ಹೇಳಿಬಿಡ್ತೀನಿ, ನನಗೆ ತುಂಬಾ ಇಷ್ಟವಾದದ್ದು. ಎಫ್‌ಇಸಿ ಪಟ್ಟಿಯಿಂದ ಹೆಸರು ವಿಳಾಸ ಕದ್ದು ಬೇರೆಯವರು ಚಂದಾ ಕೇಳುವ ಹಾಗಿಲ್ಲ. ಕದ್ದರೆ ಗೊತ್ತಾಗೋದು ಹೇಗೆ? ಸಮಿತಿಗಳು ಪ್ರತಿ ವರದಿಯಲ್ಲೂ ಹತ್ತು ಸುಳ್ಳು ಹೆಸರು ಸೇರಿಸಬಹುದು, ಕಾನೂನೇ ಒಪ್ಪಿದೆ. ಇಲ್ಲದ ಮನುಷ್ಯನ ಹೆಸರಿಗೆ ಚಂದಾ ಕೇಳುವ ಪತ್ರ ಬಂತು ಅಂದರೆ ಕಳ್ಳ ಸಿಕ್ಕಿದ. ಆದರೆ ಸಮಿತಿಗಳು ತಮ್ಮ ತಮ್ಮ ಪಟ್ಟಿಯನ್ನು ಒಬ್ಬರಿಗೊಬ್ಬರು ಬಾಡಿಗೆಗೆ ಕೊಡಬಹುದು, ಅದು ರಾಜಾರೋಷವಾಗಿ ನಡೆಯುತ್ತೆ. ನಿಮ್ಮ ಸಿಮ್ಮು ಹಿಂದೆ ಯಾವನೋ ಬ್ರಯಾನನದು ಆಗಿತ್ತು ಅಂತ ಕಾಣುತ್ತೆ. ಪುಣ್ಯಾತ್ಮ ಒಂದು ಸಲ ಎಲ್ಲೋ ಕೊಟ್ಟಿರಬೇಕು.

ಮೆಸೇಜಿಗೆ ‘ಸ್ಟಾಪ್’ ಅಂತ ಉತ್ತರ ಕಳಿಸಿ, ಆ ಸಮಿತಿಯದು ನಿಲ್ಲುತ್ತೆ. ನಾಲ್ಕು ದಿನ ಬಿಟ್ಟು ಬೇರೆ ಸಮಿತಿಯಿಂದ ‘ಹಾಯ್ ಬ್ರಯಾನ್’ ಅಂತ ಬರುತ್ತೆ. ಅದಕ್ಕೂ ಸ್ಟಾಪ್. ಅದಾದ ಮೇಲೆ ಬರೋದಕ್ಕೂ. ಊರಿಗೆ ಹೊರಡುವಾಗ ಸಿಮ್ಮು ಅಳಿಯಂದಿರಿಗೆ ವಾಪಸ್ ಕೊಟ್ಟು ಬನ್ನಿ.

— ಸಂ.