ನಿಮ್ಮ ಕಥೆ ಎಂಟನೇ ಪುಟದಲ್ಲಿದೆ

ಪ್ರಿಯರೇ,

ತೊಂಬತ್ತರ ದಶಕದ ಉಡುಪಿಯಲ್ಲಿ ಹುಡುಗರನ್ನೇ ಮೋಹಿಸುತ್ತ ಬೆಳೆದ ಹುಡುಗನ ನಿಮ್ಮ ಕಥೆ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ.

ಮೊದಲ ಮೂರು ಪುಟ ತೆಗೆಯಿರಿ. 1860ರ ದಂಡಸಂಹಿತೆ, ಸಲಿಂಗ ಸಂಬಂಧವನ್ನೂ ಅಪರಾಧವೆನ್ನುತ್ತಿದ್ದ ಅದರ 377ನೇ ಕಲಮು, ಜೀವಾವಧಿಯವರೆಗಿನ ಶಿಕ್ಷೆ ಎಲ್ಲ ಸರಿಯಾಗಿಯೇ ಇದೆ. ಆದರೆ ಕಲ್ಸಂಕದಲ್ಲಿ ಬಸ್ಸು ಕಾಯುವ ಹದಿನಾರರ ಹುಡುಗನಿಗೆ ಇದ್ಯಾವುದೂ ಗೊತ್ತಿಲ್ಲ. ಅವನಿಗೆ ಹೆದರಿಕೆ ಕೋರ್ಟಿನದಲ್ಲ, ರಥಬೀದಿಯಲ್ಲಿ ಎದುರಾಗುವ ಅತ್ತೆಯದು. ಕಾನೂನು ಅವನನ್ನು ಮುಟ್ಟುವುದು ಎಷ್ಟೋ ವರ್ಷದ ಮೇಲೆ, ಮಂಗಳೂರಿನಲ್ಲಿ ಪೊಲೀಸನೊಬ್ಬ "ಮನೆಗೆ ಫೋನ್ ಮಾಡ್ಲಾ?" ಎಂದು ಕೇಳಿ ವಾಚು ಬಿಚ್ಚಿಸಿಕೊಂಡಾಗ. ಕಲಮಿನ ಹೆಸರನ್ನೇ ಆ ಪೊಲೀಸ ಎತ್ತುವುದಿಲ್ಲ. ಅಷ್ಟು ಸಾಕು. ಒಂದು ಮಾತು: ಅದು 2011 ಎಂದಿದ್ದೀರಿ. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ದೆಹಲಿ ಹೈಕೋರ್ಟು ಹೇಳಿದ್ದು 2009ರ ಜುಲೈನಲ್ಲಿ. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿದ್ದು 2013ರ ಡಿಸೆಂಬರಿನಲ್ಲಿ. ಪೇಪರ್ ಓದುವ ನಿಮ್ಮ ನಾಯಕನಿಗೆ ಇದು ಗೊತ್ತಿರಬೇಕು. ಗೊತ್ತಿದ್ದೂ ವಾಚು ಕೊಟ್ಟನೇ? ಅದನ್ನು ಬರೆಯಿರಿ.

ಎಂಟನೇ ಪುಟವನ್ನು ಎರಡು ಸಲ ಓದಿದೆ. ರಾತ್ರಿಯಿಡೀ ಯಕ್ಷಗಾನದ ಸ್ತ್ರೀವೇಷದ ಒನಪು ಹೊಗಳಿದ ಮಾವ, ಬೆಳಿಗ್ಗೆ ಗದ್ದೆಯ ಹುಣಿಯಲ್ಲಿ ಅಳಿಯನ ನಡಿಗೆ ನೋಡಿ ರೇಗುತ್ತಾನೆ. ಇದನ್ನು ಹಿಗ್ಗಿಸಿ, ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ಒರೆಸಿಕೊಂಡು ಬೀಡಿ ಹಚ್ಚುವ ಕಲಾವಿದನನ್ನು ಹುಡುಗ ನೋಡುತ್ತ ನಿಲ್ಲುವುದನ್ನೂ. ಆದರೆ ಹೆಣ್ಣಿನಂಥ ನಡಿಗೆಯಿಂದಲೇ ಗಂಡಿನ ಮೇಲೆ ಮೋಹ ಹುಟ್ಟಿತು ಎಂಬಂತೆ ಬರೆದಿದ್ದೀರಲ್ಲ, ಅದು ಮಾವನ ತಿಳುವಳಿಕೆ; ನಿಮ್ಮದಾಗುವುದು ಬೇಡ. ಮನೆಯಲ್ಲಿ ತುಳು ಆಡುವ ಮಾವ ಸಿಟ್ಟು ಬಂದಾಗ ಪಠ್ಯಪುಸ್ತಕದ ಕನ್ನಡಕ್ಕೆ ಹೊರಳುವುದೂ ಬೇಡ.

ಕೊನೆ ನಂಬಲಿಲ್ಲ. ಅಂಥ ಸಂಬಂಧ ಅಪರಾಧವಲ್ಲವೆಂದ ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 6ರ ತೀರ್ಪು ಟಿವಿಯಲ್ಲಿ ಬಂದ ಕೂಡಲೇ ಅಮ್ಮ ಅಪ್ಪಿಕೊಳ್ಳುತ್ತಾಳೆ. ಕಥೆಯುದ್ದಕ್ಕೂ ಜಾತಕ ಹಿಡಿದು ಓಡಾಡಿದ ಅಮ್ಮ ಐವರು ನ್ಯಾಯಮೂರ್ತಿಗಳ ಮಾತಿಗೆ ಒಂದು ಸಂಜೆಯಲ್ಲಿ ಬದಲಾಗುತ್ತಾಳೆಯೇ? ಅವಳು ಚಾನೆಲ್ ಬದಲಿಸಿ ಧಾರಾವಾಹಿ ಹಾಕಲಿ. ಇನ್ನು, ಅವನಿಗೆ ಕಟ್ಟಿದ ಹುಡುಗಿ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತಾಳೆ. ಅವಳ ಬದುಕೂ ಅಲ್ಲೇ ಹಾಳಾಯಿತಲ್ಲ? ಎರಡು ಪುಟವಾದರೂ ಕೊಡಿ.

ಇದು ನಿಮ್ಮ ಅನುಭವವೋ ಎಂದು ನಾನು ಕೇಳುವುದಿಲ್ಲ. ಕಾವ್ಯನಾಮ ಬೇಕಿದ್ದರೆ ಇಟ್ಟುಕೊಳ್ಳಿ, ಅಭ್ಯಂತರವಿಲ್ಲ. ಮಲ್ಪೆಯ ಆ ಗೆಳೆಯ ನಿಜವಾಗಿಯೂ ಇರುವವರಾದರೆ ಅವರ ಕಸುಬು, ಮನೆ, ಕೆನ್ನೆಯ ಗಾಯ ಎಲ್ಲ ಬದಲಿಸಿಯೇ ಕಳಿಸಿ. ಬರೆಯಲು ಒಪ್ಪಿದವರು ನೀವು, ಅವರಲ್ಲ.

ಸಂಪಾದಕ