ಹೋಟೆಲ್‌ಗೆ ಸುಧಾರಣಾ ನೋಟಿಸ್ ಬಂದಿದೆ, ಫುಡ್ ಸೇಫ್ಟಿ ಕನ್ಸಲ್ಟೆಂಟ್ ಇಟ್ಟುಕೊಳ್ಳಬೇಕೇ?

ನೀವು ಕೇಳಿದ್ದು ಇಷ್ಟು: ಮೈಸೂರಿನಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದೀರಿ. ಆಹಾರ ಸುರಕ್ಷತಾ ಅಧಿಕಾರಿ ಬಂದು ನೋಡಿಹೋದ ಮೇಲೆ ಅಂಕಿತ ಅಧಿಕಾರಿಗಳಿಂದ (ಅವರ ಮೇಲಿನ ಅಧಿಕಾರಿ) ಸುಧಾರಣಾ ನೋಟಿಸ್, ಅಂದರೆ ಲೋಪಗಳನ್ನು ಇಷ್ಟು ದಿನದಲ್ಲಿ ಸರಿಪಡಿಸಿ ಎಂಬ ನೋಟಿಸ್, ಬಂದಿದೆ. ಒಬ್ಬ ಕನ್ಸಲ್ಟೆಂಟ್ "ಎಲ್ಲಾ ನಾನು ನೋಡ್ಕೋತೀನಿ" ಅಂದಿದ್ದಾರೆ. ಅವರಿಗೆ ಕೊಡುವ ದುಡ್ಡು ದಂಡವೇ ಎಂಬುದು ನಿಮ್ಮ ಅನುಮಾನ.

ಹೋಟೆಲ್ ಅಡುಗೆಮನೆಗಳ ತಪಾಸಣೆ, ಕೆಲಸದವರಿಗೆ ತರಬೇತಿ ನನ್ನ ಕಸುಬು. ಕನ್ಸಲ್ಟೆಂಟ್ ಬೇಕೇ ಎಂದರೆ ಬೇಕು ಅಂತಲೇ ಹೇಳುತ್ತೇನೆ. ಆದರೆ "ನೋಡ್ಕೋತೀನಿ" ಅಂದರೆ ಏನು ನೋಡಿಕೊಳ್ಳುತ್ತಾರೆ ಎಂದು ಮೊದಲು ಕೇಳಿ. ಅಧಿಕಾರಿಯನ್ನು ನೋಡಿಕೊಳ್ಳುತ್ತೇನೆ ಎಂದಾದರೆ ಅಲ್ಲಿಗೇ ಮಾತು ಮುಗಿಸಿ ಕಳಿಸಿಬಿಡಿ. ಬೆಳಗಿನ ಜಾವ ಹಿಟ್ಟು, ಚಟ್ನಿ ಶುರುವಾಗುವ ಹೊತ್ತಿಗೆ ಬಂದು, ಮಧ್ಯಾಹ್ನದ ಊಟದ ರಶ್ ಮುಗಿಯುವವರೆಗೆ ನಿಮ್ಮ ಭಟ್ಟರ ಪಕ್ಕ ನಿಂತು ನೋಡುತ್ತೇನೆ ಎನ್ನುವವರಾದರೆ ಕೊಡುವ ದುಡ್ಡು ದಂಡವಲ್ಲ. ಮೂರು ಗಂಟೆಗೆ ಬಂದರೆ ಎಲ್ಲ ಅಡುಗೆಮನೆಗಳೂ ಸ್ವಚ್ಛವಾಗಿಯೇ ಕಾಣುತ್ತವೆ.

ಹೋಟೆಲ್‌ಗಳಲ್ಲಿ ತಪ್ಪು ನಡೆಯುವುದು ಹೆಚ್ಚಾಗಿ ಕೆಲಸದವರ ಸೋಮಾರಿತನದಿಂದಲ್ಲ. ಕೆಲಸ ಸಾಗುವ ಜಾಗ ಮತ್ತು ಹೊತ್ತು ಹಾಗಿರುತ್ತದೆ. ಅನ್ನವನ್ನೇ ತಗೊಳ್ಳಿ. ರಾತ್ರಿ ಉಳಿದದ್ದನ್ನು ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ಟು, ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ಅನೇಕ ಕಡೆ ರೂಢಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅಷ್ಟು ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುವುದರಿಂದ ಅವು ಮೊಳೆತು, ಸಂಖ್ಯೆಯಲ್ಲಿ ಹೆಚ್ಚಿ, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಂದರೆ ಬೆಳಗಿನ ಒಗ್ಗರಣೆಯಿಂದ ಏನೂ ಸರಿಯಾಗದು, ಸರಿಪಡಿಸಬೇಕಾದದ್ದು ರಾತ್ರಿಯೇ. ಅಗಲವಾದ ಟ್ರೇಗಳಲ್ಲಿ ತೆಳುವಾಗಿ ಹರಡಿ ಬೇಗ ಆರಿಸಿ ಫ್ರಿಜ್ಜಿಗಿಡಬೇಕು. ಆದರೆ ನಿಮ್ಮಲ್ಲಿ ಟ್ರೇ ಇದೆಯೇ? ಫ್ರಿಜ್ಜಿನಲ್ಲಿ ಜಾಗ ಇದೆಯೇ? ಹನ್ನೊಂದು ಗಂಟೆಗೆ ಬಾಗಿಲು ಹಾಕುವ ಅವಸರದಲ್ಲಿ ಅದನ್ನು ಮಾಡುವವರು ಯಾರು? ಒಳ್ಳೆಯ ಕನ್ಸಲ್ಟೆಂಟ್ ಈ ಮೂರು ಪ್ರಶ್ನೆ ಕೇಳುತ್ತಾರೆ. ಮೂರಕ್ಕೂ ಉತ್ತರ ಇಲ್ಲದಿದ್ದರೆ, ಅನ್ನ ಕಡಿಮೆ ಮಾಡಿ, ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ ಎಂದು ನೇರವಾಗಿ ಹೇಳುತ್ತಾರೆ.

ತೆಂಗಿನಕಾಯಿ ಚಟ್ನಿಯ ಕತೆಯೂ ಇದೇ. ಬೆಳಿಗ್ಗೆ ಐದಕ್ಕೆ ರುಬ್ಬಿದ ಬಕೆಟ್ ಚಟ್ನಿ ಕೌಂಟರಿನ ಪಕ್ಕ ಹನ್ನೊಂದರವರೆಗೆ ಇರುತ್ತದೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತದೆ, ಆ ಚಟ್ನಿ ಅಷ್ಟೂ ಹೊತ್ತು ಅದೇ ನಡುವೆ ಇದ್ದದ್ದು. ಅದಕ್ಕೇ ಸ್ವಲ್ಪ ಸ್ವಲ್ಪ ರುಬ್ಬಿಸಿ, ಹಳೆಯದು ಖಾಲಿಯಾದ ಮೇಲೆ ಬೇರೆ ಪಾತ್ರೆಯಲ್ಲಿ ಹೊಸದು ತನ್ನಿ. ಹಳೆಯದರ ಮೇಲೆ ಹೊಸದು ಸುರಿಯುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಸಾಂಬಾರ್, ಪಲ್ಯ 60 ಡಿಗ್ರಿಗಿಂತ ಮೇಲಿರಲಿ. ಮತ್ತೆ ಬಿಸಿ ಮಾಡುವಾಗ ಒಳಭಾಗ 75 ಡಿಗ್ರಿಗೆ ಬಂದು ಕನಿಷ್ಠ ಎರಡು ನಿಮಿಷ ಇರಬೇಕು, ಬಿಸಿನೀರು ಬೆರೆಸಿದರೆ ಲೆಕ್ಕಕ್ಕಿಲ್ಲ. ಇದಕ್ಕೆ ಬೇಕಾದದ್ದು ಚುಚ್ಚಿ ನೋಡುವ ಒಂದು ಥರ್ಮಾಮೀಟರ್. ಕನ್ಸಲ್ಟೆಂಟ್ ಮೊದಲ ದಿನ ಬರುವಾಗ ಅದನ್ನು ತಂದಿದ್ದಾರೋ ಇಲ್ಲವೋ ಗಮನಿಸಿ. ಅವರ ಕೆಲಸ ಎಂಥದ್ದು ಎಂದು ಅಷ್ಟರಲ್ಲೇ ತಿಳಿಯುತ್ತದೆ.

ಕೈತೊಳೆಯುವ ಬೇಸಿನ್ ಬಗ್ಗೆ ಒಂದು ಮಾತು. ವಡೆ ತಟ್ಟುವವನು ಕೈ ತೊಳೆಯಲು ಪಾತ್ರೆ ತೊಳೆಯುವ ಜಾಗದವರೆಗೆ ನಡೆಯಬೇಕಿದ್ದರೆ ರಶ್ ಹೊತ್ತಿನಲ್ಲಿ ಅವನು ತೊಳೆಯುವುದಿಲ್ಲ, ಎಷ್ಟು ಬೈದರೂ ಅಷ್ಟೆ. ಅವನ ಪಕ್ಕದಲ್ಲೇ ಬೇಸಿನ್, ಸೋಪು ಬರಲಿ. ಗೋಡೆಯ ಮೇಲೆ ಅಂಟಿಸುವ ಬೋರ್ಡಿಗಿಂತ ಒಬ್ಬ ಪ್ಲಂಬರ್ ಹೆಚ್ಚು ಉಪಯೋಗಕ್ಕೆ ಬರುತ್ತಾನೆ.

ತರಬೇತಿ ಬಗ್ಗೆ: ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಫಾಸ್ಟ್ಯಾಕ್ ಎಂಬ ಆಹಾರ ಸುರಕ್ಷತಾ ತರಬೇತಿ ಯೋಜನೆಯಲ್ಲಿ ಆಹಾರ ಮುಟ್ಟುವ ಪ್ರತಿ 25 ಜನಕ್ಕೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಇರಬೇಕು. ಬಹಳ ಹೋಟೆಲ್‌ಗಳಲ್ಲಿ ಆ ಸರ್ಟಿಫಿಕೇಟ್ ಮಾಲೀಕರ ಹೆಸರಲ್ಲೋ ಕ್ಯಾಷಿಯರ್ ಹೆಸರಲ್ಲೋ ಇರುತ್ತದೆ. ಅಡುಗೆಮನೆಯಲ್ಲೇ ಇರುವವರನ್ನು ಕಳಿಸಿ. ಒಡಿಶಾ, ಅಸ್ಸಾಂ, ನೇಪಾಳದ ಹುಡುಗರು ಕೆಲಸಕ್ಕಿದ್ದರೆ ಹಿಂದಿಯಲ್ಲಿ ಮಾತನಾಡಬಲ್ಲ ತರಬೇತುದಾರರನ್ನು ಕೇಳಿ, ಇಲ್ಲದಿದ್ದರೆ ಅವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಹೊಸಬ ಬಂದಾಗಲೆಲ್ಲ ತರಬೇತಿ ಮರುಕಳಿಸಬೇಕು, ಒಪ್ಪಂದದಲ್ಲಿ ಅದನ್ನೂ ಬರೆಸಿಕೊಳ್ಳಿ.

ಇನ್ನು ಕೆಲವು ವಿಷಯಗಳಲ್ಲಿ ಯಾರ ಸಲಹೆಯೂ ಬೇಕಿಲ್ಲ, ಬಿಟ್ಟರೆ ಆಯಿತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, 2025ರಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನೂ. ಇಡ್ಲಿ ತಟ್ಟೆಗೆ ಹಾಸುವ ಬಟ್ಟೆ ಒಗೆಯುವ ಕೆಲಸ ಜಾಸ್ತಿ ಎಂದು ಪ್ಲಾಸ್ಟಿಕ್ ಹಾಕಬೇಡಿ. ಮಕ್ಕಳು, ವಯಸ್ಸಾದವರು ಹೊಟ್ಟೆಗೆ ಹಗುರ ಎಂದು ನಂಬಿ ತಿನ್ನುವ ತಿಂಡಿ ಅದು. ಕರಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿ ಎಣ್ಣೆ ಕೆಟ್ಟಂತೆಲ್ಲ ಹೆಚ್ಚುವ ಅಂಶ) ಶೇ 25 ದಾಟಿದರೆ ಅದನ್ನು ಬಳಸುವಂತಿಲ್ಲ. ಬಾಣಲೆಯ ಎಣ್ಣೆ ಕಪ್ಪಾಗಿ ನೊರೆ ಬರುತ್ತಿದ್ದರೆ ಅದನ್ನು ಅಳೆಯುವ ಮೀಟರ್‌ಗಾಗಿ ಕಾಯಬೇಡಿ, ತೆಗೆಸಿಬಿಡಿ.

ಕಾಗದಪತ್ರದ ಕೆಲಸವನ್ನು ಮಾತ್ರ ಧಾರಾಳವಾಗಿ ಅವರಿಗೆ ವಹಿಸಿ: ಕೆಲಸದವರ ವಾರ್ಷಿಕ ವೈದ್ಯಕೀಯ ಪ್ರಮಾಣಪತ್ರ, ನೀರಿನ ಲ್ಯಾಬ್ ವರದಿ, ಕೀಟ ನಿಯಂತ್ರಣದ ದಾಖಲೆ. ಆದರೆ ಫ್ರಿಜ್ ತಾಪಮಾನದ ರಿಜಿಸ್ಟರನ್ನು ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ತುಂಬಿಸಿ ಕೊಡುವವರು ನಿಮಗೆ ಬೇಡ. ಅಂಥ ರಿಜಿಸ್ಟರ್ ಅಧಿಕಾರಿಯ ಕಣ್ಣಿಗೆ ತಕ್ಷಣ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಫ್ರಿಜ್ ನಿಜವಾಗಿ ಕೆಟ್ಟ ದಿನ ನಿಮಗೆ ಗೊತ್ತೇ ಆಗುವುದಿಲ್ಲ.

ಈಗ ನಿಮ್ಮ ನೋಟಿಸ್ ವಿಷಯ. ಇದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಕೊಡುವಂಥದ್ದು. ಸರಿಪಡಿಸಲು ಕನಿಷ್ಠ 14 ದಿನ ಕೊಡಲೇಬೇಕು. ಆ ಅವಧಿಯಲ್ಲಿ ಸರಿಪಡಿಸದಿದ್ದರೆ ಲೈಸೆನ್ಸ್ ಅಮಾನತು ಮಾಡಬಹುದು, ಆಮೇಲೂ ಹಾಗೇ ಬಿಟ್ಟರೆ ರದ್ದಿನವರೆಗೂ ಹೋಗಬಹುದು. ನೋಟಿಸಿನಲ್ಲಿರುವ ಒಂದೊಂದು ಅಂಶಕ್ಕೂ ಏನು ಮಾಡಿದಿರಿ, ಯಾವತ್ತು ಮಾಡಿದಿರಿ ಎಂದು ಬರೆದು, ಫೋಟೋ, ಬಿಲ್ಲು ಲಗತ್ತಿಸಿ ಉತ್ತರ ಕೊಡಿ. ಗಡುವಿನೊಳಗೆ ಮುಗಿಯದ ಕೆಲಸ, ಉದಾಹರಣೆಗೆ ನೆಲದ ಟೈಲ್ಸ್, ಇದ್ದರೆ ಮುಚ್ಚಿಡದೆ ಯಾವಾಗ ಮುಗಿಸುತ್ತೀರಿ ಎಂದು ತಿಳಿಸಿ ಸಮಯ ಕೇಳಿ. ಕನ್ಸಲ್ಟೆಂಟ್ ಫೀಸನ್ನು ಒಮ್ಮೆಗೇ ಕೊಡಬೇಡಿ. ಕೊನೆಯ ಕಂತು ಮರುಪರಿಶೀಲನೆ ಆದ ಮೇಲೆ ಎಂದು ಮೊದಲೇ ಮಾತಾಡಿಕೊಳ್ಳಿ. ಅಧಿಕಾರಿ ಮತ್ತೆ ಬಂದಾಗ ಕನ್ಸಲ್ಟೆಂಟ್ ಉತ್ತರಿಸುವುದು ಬೇಡ, ಅನ್ನ ಹೇಗೆ ಆರಿಸುತ್ತೀರಿ ಎಂದು ಕೇಳಿದರೆ ನಿಮ್ಮ ಭಟ್ಟರೇ ಹೇಳಲಿ.